ಬೀದಿ ಮತ್ತು ಬೆಂಚು: ಉತ್ತರ ಕೆರೊಲೈನಾದಲ್ಲಿ ಬ್ಯಾಸ್ಕೆಟ್‌ಬಾಲ್ ಗೆಲುವಿನ ಸಂಭ್ರಮದ ಚರಿತ್ರೆ

ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದಲ್ಲಿ ಚಾಪೆಲ್ ಹಿಲ್ ಮತ್ತು ಡರ್ಹಮ್ ಎಂಬ ಎರಡು ಊರುಗಳಿವೆ. ಇವುಗಳ ನಡುವಿನ ದೂರ ಸುಮಾರು 16 ಕಿಲೋಮೀಟರ್ ಮಾತ್ರವಾದರೂ, ಮೊದಲನೆಯದರಲ್ಲಿರುವ ಉತ್ತರ ಕೆರೊಲೈನಾ ವಿಶ್ವವಿದ್ಯಾಲಯಕ್ಕೂ ಎರಡನೆಯದರಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯಕ್ಕೂ ನಡುವೆ ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಬ್ಯಾಸ್ಕೆಟ್‌ಬಾಲ್ ಪೈಪೋಟಿಯು ಆ ರಾಜ್ಯದ ಮನೆಮನೆಯನ್ನೂ ಎರಡು ಬಣಗಳಾಗಿ ಒಡೆದಿದೆ. ಇಲ್ಲಿ ಆಡುವವರು ವೃತ್ತಿಪರ ಕ್ಲಬ್ಬುಗಳ ಆಟಗಾರರಲ್ಲ, ವಿಶ್ವವಿದ್ಯಾಲಯದ ಹೆಸರಿನಲ್ಲಿ ಕಣಕ್ಕಿಳಿಯುವ ವಿದ್ಯಾರ್ಥಿಗಳು. ನವೆಂಬರಿನಲ್ಲಿ ಆರಂಭವಾಗಿ ಏಪ್ರಿಲ್ ಮೊದಲ ವಾರದಲ್ಲಿ ಮುಗಿಯುವ ಆಟದ ಋತುವಿನಲ್ಲಿ ಈ ಎರಡು ತಂಡಗಳು ಪರಸ್ಪರರ ಅಂಗಣಗಳಲ್ಲಿ ಒಂದೊಂದು ಸಲ ಎದುರಾಗುವುದು ರೂಢಿ. ಈ ಪಂದ್ಯಗಳ ಅಂಕಿಅಂಶಗಳನ್ನು ಬರೆದಿಟ್ಟವರು ಬಹಳ ಮಂದಿ. ಗೆದ್ದ ರಾತ್ರಿ ಅಭಿಮಾನಿಗಳು ಏನು ಮಾಡುತ್ತಿದ್ದರು, ಎಲ್ಲಿ ಸೇರುತ್ತಿದ್ದರು, ಹಾಗೆ ಸೇರುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಗಳು ಅದಕ್ಕಿಂತ ಕಡಿಮೆ ಮಹತ್ವದವಲ್ಲ.

ಸಂಭ್ರಮದ ಸ್ವರೂಪವನ್ನು ಅರಿಯಲು ಮೊದಲು ಸಂಸ್ಥೆಗಳ ಸ್ವರೂಪವನ್ನು ನೋಡಬೇಕು. 1789ರಲ್ಲಿ ಸನ್ನದು ಪಡೆದು 1795ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಉತ್ತರ ಕೆರೊಲೈನಾ ವಿಶ್ವವಿದ್ಯಾಲಯವು ಸರ್ಕಾರಿ ಸಂಸ್ಥೆ. ಹೊರರಾಜ್ಯಗಳಿಂದ ಬರುವ ಹೊಸ ವಿದ್ಯಾರ್ಥಿಗಳ ಪಾಲು ಶೇಕಡಾ 18ನ್ನು ಮೀರಬಾರದೆಂಬ ನಿಯಮವು 1986ರಿಂದ ದಶಕಗಳ ಕಾಲ ಅಲ್ಲಿ ಜಾರಿಯಲ್ಲಿದ್ದುದರಿಂದ, ಅದರ ತಂಡವು ರಾಜ್ಯದ ಸಾಮಾನ್ಯ ಜನರಿಗೆ ತಮ್ಮದೇ ಮಕ್ಕಳ ತಂಡವಾಗಿ ಉಳಿಯಿತು. ಡ್ಯೂಕ್ ಇದಕ್ಕೆ ವಿರುದ್ಧವಾದದ್ದು. ಟ್ರಿನಿಟಿ ಕಾಲೇಜೆಂಬ ಹೆಸರಿನಲ್ಲಿ 1892ರಲ್ಲಿ ಡರ್ಹಮ್ಮಿಗೆ ಸ್ಥಳಾಂತರಗೊಂಡ ಈ ಖಾಸಗಿ ಸಂಸ್ಥೆಯು, ತಂಬಾಕು ಮತ್ತು ವಿದ್ಯುತ್ ಉದ್ಯಮಗಳಿಂದ ಸಿರಿವಂತನಾದ ಜೇಮ್ಸ್ ಬಿ. ಡ್ಯೂಕ್ 1924ರಲ್ಲಿ ನೀಡಿದ ದೊಡ್ಡ ದತ್ತಿಯಿಂದಾಗಿ ಆ ಮನೆತನದ ಹೆಸರನ್ನು ಧರಿಸಿತು. ಅದರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂದಿಗೂ ಬೇರೆ ರಾಜ್ಯ, ಬೇರೆ ದೇಶಗಳಿಂದ ಬಂದವರು. ಹೀಗಾಗಿ ಒಂದು ಕಡೆಯ ಗೆಲುವು ಊರಿನ ಬೀದಿಗೆ ಹರಿದರೆ, ಇನ್ನೊಂದು ಕಡೆಯದು ಹಾಸ್ಟೆಲ್ಲುಗಳ ನಡುವಣ ಅಂಗಳದಲ್ಲಿಯೇ ಉರಿಯಿತು.

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು 13 ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಂಬಿಗೆ ಬಡಿದು ಆರಂಭಿಸಿದ ಬ್ಯಾಸ್ಕೆಟ್‌ಬಾಲ್ ದಕ್ಷಿಣದ ಕಾಲೇಜುಗಳಿಗೂ ಬೇಗನೆ ಹಬ್ಬಿತು. ಟ್ರಿನಿಟಿ ಮತ್ತು ಉತ್ತರ ಕೆರೊಲೈನಾ ಮೊದಲು ಎದುರಾದದ್ದು 1920ರ ಜನವರಿ 24ರಂದು. ಕೆರೊಲೈನಾ 36–25ರಿಂದ ಗೆದ್ದಿತು. ಆದರೆ ಆ ಭಾಗದಲ್ಲಿ ಬ್ಯಾಸ್ಕೆಟ್‌ಬಾಲನ್ನು ಜನಜಾತ್ರೆಯ ಆಟವಾಗಿಸಿದ ಕೀರ್ತಿಯ ದೊಡ್ಡ ಪಾಲು ಇವೆರಡಕ್ಕೂ ಸೇರದ ಎವೆರೆಟ್ ಕೇಸ್ ಎಂಬಾತನಿಗೆ ಸಲ್ಲಬೇಕು. ಇಂಡಿಯಾನಾದಿಂದ ಬಂದು 1946ರಲ್ಲಿ ನೆರೆಯ ರಾಲಿ ನಗರದ ನಾರ್ತ್ ಕೆರೊಲೈನಾ ಸ್ಟೇಟ್ ತಂಡದ ತರಬೇತುದಾರನಾದ ಈತನ ತಂಡ 1947ರಲ್ಲಿ ಸದರ್ನ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದಾಗ ಬುಟ್ಟಿಯ ಬಲೆಯನ್ನು ಕತ್ತರಿಸಿ ನೆನಪಿಗಾಗಿ ಒಯ್ಯಲಾಯಿತು. ಇಂಡಿಯಾನಾದ ಪ್ರೌಢಶಾಲೆಗಳಲ್ಲಿ ಅದಾಗಲೇ ರೂಢಿಯಲ್ಲಿದ್ದ ಈ ಪದ್ಧತಿ ಕಾಲೇಜುಗಳಿಗೆ ಹಬ್ಬಿದ್ದು ಕೇಸ್‌ನಿಂದ. ಇಂದು ದೇಶದ ಪ್ರತಿ ದೊಡ್ಡ ಗೆಲುವಿನ ನಂತರವೂ ಏಣಿ ಹತ್ತಿ ಬಲೆ ಕತ್ತರಿಸುವುದು ವಿಧಿಯಂತೆ ನಡೆಯುತ್ತದೆ.

ಸಂಭ್ರಮದ ಈ ಚರಿತ್ರೆಯಲ್ಲಿ ಸಂಭ್ರಮಕ್ಕೆ ಅವಕಾಶವೇ ಇಲ್ಲದಿದ್ದ ಒಂದು ಗೆಲುವಿಗೆ ವಿಶೇಷ ಸ್ಥಾನ ಕೊಡಬೇಕಾಗುತ್ತದೆ. 1940ರಲ್ಲಿ ಡ್ಯೂಕ್ ಕಟ್ಟಿದ ಒಳಾಂಗಣ ಕ್ರೀಡಾಂಗಣವು ದಕ್ಷಿಣದ ಅತಿ ದೊಡ್ಡವುಗಳಲ್ಲಿ ಒಂದೆಂದು ಹೆಸರಾಗಿದ್ದ ಕಾಲದಲ್ಲಿಯೇ, ಅದೇ ಊರಿನಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕವಾಗಿದ್ದ ನಾರ್ತ್ ಕೆರೊಲೈನಾ ಕಾಲೇಜಿನಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಅಸಾಧಾರಣ ತರಬೇತುದಾರನಿದ್ದ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಸ್ವತಃ ನೈಸ್ಮಿತ್‌ನ ಶಿಷ್ಯನಾಗಿದ್ದರೂ, ಬಣ್ಣದ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡಲು ಅವಕಾಶ ದೊರೆಯದಿದ್ದ ಈತ, ಚೆಂಡು ಕೈಗೆ ಬಂದ ಕ್ಷಣವೇ ಎದುರಾಳಿಗಳು ಸಾಲುಗಟ್ಟುವ ಮೊದಲು ಮುನ್ನುಗ್ಗುವ ವೇಗದ ಆಟವನ್ನು ರೂಪಿಸಿದ್ದ. ಬಿಳಿಯರೂ ಕರಿಯರೂ ಕೂಡಿ ಆಡುವುದನ್ನು ಕಾನೂನು ಮತ್ತು ಸಾಮಾಜಿಕ ಕಟ್ಟಳೆಗಳೆರಡೂ ತಡೆಯುತ್ತಿದ್ದ ಆ ದಿನಗಳಲ್ಲಿ, 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ಊರಿನ ಬಹುಪಾಲು ಜನ ಚರ್ಚುಗಳಲ್ಲಿದ್ದ ಹೊತ್ತಿನಲ್ಲಿ, ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯ ವಿದ್ಯಾರ್ಥಿಗಳ ತಂಡವು ಗುಟ್ಟಾಗಿ ಮೆಕ್‌ಲೆಂಡನ್‌ನ ಕಾಲೇಜಿಗೆ ಬಂದು ಆಡಿತು. ವ್ಯಾಯಾಮಶಾಲೆಯ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು; ಸುದ್ದಿ ತಿಳಿದು ಕಿಟಕಿಗಳಿಂದ ಇಣುಕಿದ ಕೆಲವರನ್ನು ಬಿಟ್ಟರೆ ಪ್ರೇಕ್ಷಕರಿರಲಿಲ್ಲ. ಮೆಕ್‌ಲೆಂಡನ್‌ನ ತಂಡ 88–44ರಿಂದ, ಅಂದರೆ ಎದುರಾಳಿಯ ಎರಡರಷ್ಟು ಅಂಕಗಳಿಂದ ಗೆದ್ದಿತು. ಆ ಬಳಿಕ ಎರಡೂ ಕಡೆಯವರು ತಂಡಗಳನ್ನು ಬೆರೆಸಿಕೊಂಡು ಮತ್ತೊಮ್ಮೆ ಆಡಿ, ಹಾಸ್ಟೆಲ್ಲಿಗೆ ಹೋಗಿ ಮಾತನಾಡುತ್ತ ಕುಳಿತರು. ಪಂದ್ಯದ ವಿಷಯ ಗೊತ್ತಿದ್ದ ಕರಿಯರ ಪತ್ರಿಕೆಯ ವರದಿಗಾರನೊಬ್ಬ ಆಟಗಾರರ ಸುರಕ್ಷತೆಗಾಗಿ ಒಂದಕ್ಷರವನ್ನೂ ಅಚ್ಚು ಹಾಕಿಸಲಿಲ್ಲ. ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ 1996ರಲ್ಲಿ ಬರೆದು ಪ್ರಕಟಿಸುವವರೆಗೂ ಈ ಪಂದ್ಯವು ಹೊರಜಗತ್ತಿಗೆ ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯಿತು. ಡರ್ಹಮ್ ಕಂಡ ಅತ್ಯಂತ ಧೀರ ಗೆಲುವಿಗೆ ಅರ್ಧ ಶತಮಾನದ ಕಾಲ ಒಂದು ಜೈಕಾರವೂ ಸಿಗದೆಹೋದದ್ದು ಆ ಸಮಾಜದ ಮೇಲಿನ ತೀರ್ಪೇ ಹೊರತು ಆ ಆಟದ ಮೇಲಿನದಲ್ಲ.

ಬಹಿರಂಗ ಸಂಭ್ರಮದ ಕಥೆಗೆ ತಿರುವು ಸಿಕ್ಕಿದ್ದು 1957ರಲ್ಲಿ. ಫ್ರಾಂಕ್ ಮೆಕ್‌ಗ್ವೈರ್‌ನ ತರಬೇತಿಯಲ್ಲಿ ಆ ಋತುವಿನ 32 ಪಂದ್ಯಗಳನ್ನೂ ಗೆದ್ದ ಕೆರೊಲೈನಾ, ಮಾರ್ಚ್ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ, ದೈತ್ಯ ಆಟಗಾರ ವಿಲ್ಟ್ ಚೇಂಬರ್ಲಿನ್ ಇದ್ದ ಕ್ಯಾನ್ಸಸ್ ತಂಡವನ್ನು ಮೂರು ಹೆಚ್ಚುವರಿ ಅವಧಿಗಳ ನಂತರ 54–53ರಿಂದ ಮಣಿಸಿತು. ಹೆಚ್ಚುವರಿ ಅವಧಿಯೆಂದರೆ ಅಂಕಗಳು ಸಮವಾದಾಗ ಮತ್ತೆ ಐದು ನಿಮಿಷ ಆಡಿಸುವ ವ್ಯವಸ್ಥೆ. ಈ ಪಂದ್ಯವು ಟೆಲಿವಿಷನ್ ಮೂಲಕ ಉತ್ತರ ಕೆರೊಲೈನಾದ ಮನೆಗಳನ್ನು ತಲುಪಿದ್ದರಿಂದ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕೊನೆಯ ಚೆಂಡು ನಿಂತ ಗಳಿಗೆಯಲ್ಲಿಯೇ ಚಾಪೆಲ್ ಹಿಲ್‌ನ ವಿದ್ಯಾರ್ಥಿಗಳು ಹೊರಗೆ ಓಡಿದರು. ಅವರು ಸೇರಿದ್ದು ವಿಶ್ವವಿದ್ಯಾಲಯದ ಅಂಚಿನಲ್ಲಿಯೇ ಹಾದುಹೋಗುವ, ಪುಸ್ತಕದಂಗಡಿ, ಹೋಟೆಲು, ಔಷಧದಂಗಡಿಗಳಿರುವ ಫ್ರಾಂಕ್ಲಿನ್ ಬೀದಿಯಲ್ಲಿ. 1982, 1993, 2005, 2009 ಮತ್ತು 2017ರ ರಾಷ್ಟ್ರೀಯ ಗೆಲುವುಗಳಲ್ಲಿ ಮಾತ್ರವಲ್ಲದೆ, ಡ್ಯೂಕ್ ಎದುರಿನ ಗೆಲುವುಗಳಲ್ಲಿಯೂ ಈ ಬೀದಿಯೇ ಜನರ ಗಮ್ಯವಾಯಿತು.

ಆದರೆ ಆ ಬೀದಿ 1957ರಲ್ಲಿ ಎಲ್ಲರದೂ ಆಗಿರಲಿಲ್ಲ. ಮೂರು ವರ್ಷಗಳ ಬಳಿಕ, 1960ರ ಫೆಬ್ರವರಿ 28ರಂದು, ಲಿಂಕನ್ ಪ್ರೌಢಶಾಲೆಯ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಅದೇ ಬೀದಿಯ ಪಶ್ಚಿಮ ಭಾಗದ ಔಷಧದಂಗಡಿಯೊಂದರಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಆಸನದಲ್ಲಿ ಕುಳಿತು ತಮಗೂ ತಿಂಡಿ ಬಡಿಸಬೇಕೆಂದು ಧರಣಿ ಹೂಡಬೇಕಾಯಿತು. ತರಬೇತುದಾರ ಡೀನ್ ಸ್ಮಿತ್ 1960ರ ದಶಕದ ಮಧ್ಯದಲ್ಲಿ ಚಾರ್ಲಿ ಸ್ಕಾಟ್‌ನನ್ನು ಕೆರೊಲೈನಾದ ಮೊದಲ ಕಪ್ಪು ವಿದ್ಯಾರ್ಥಿವೇತನ ಆಟಗಾರನನ್ನಾಗಿ ತಂದದ್ದನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. 1969ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಒಕ್ಕೂಟದ ಪಂದ್ಯಾವಳಿಯ ಫೈನಲ್‌ನಲ್ಲಿ ಡ್ಯೂಕ್ ಎದುರು ಸ್ಕಾಟ್ ಒಬ್ಬನೇ 40 ಅಂಕ ಗಳಿಸಿ ತಂಡವನ್ನು 85–74ರಿಂದ ಗೆಲ್ಲಿಸಿದ. ಅದೇ ವರ್ಷ ಒಕ್ಕೂಟದ ಶ್ರೇಷ್ಠ ಆಟಗಾರರ ಮೊದಲ ತಂಡಕ್ಕೆ ಮತ ಹಾಕಿದ ಪತ್ರಕರ್ತರಲ್ಲಿ ಕೆಲವರು ಅವನ ಹೆಸರನ್ನೇ ಬರೆಯಲಿಲ್ಲ. ಅವನ ಅಂಕಗಳಿಗಾಗಿ ಕುಣಿಯುವುದು ಸುಲಭವಾಗಿತ್ತು, ಅವನನ್ನು ಸಮಾನನೆಂದು ಒಪ್ಪುವುದು ಕಷ್ಟವಾಗಿತ್ತು.

ಡ್ಯೂಕ್‌ನ ಅಭಿಮಾನವು ಬೇರೊಂದು ದಾರಿ ಹಿಡಿಯಿತು. 1972ರಲ್ಲಿ ಮಾಜಿ ತರಬೇತುದಾರ ಎಡ್ಡಿ ಕ್ಯಾಮರಾನ್‌ನ ಹೆಸರು ಪಡೆದ ಅಲ್ಲಿನ ಅದೇ ಹಳೆಯ ಕ್ರೀಡಾಂಗಣದಲ್ಲಿ ಹಿಡಿಸುವುದು 9,314 ಜನ ಮಾತ್ರ. ಅಂಗಣಕ್ಕೆ ತೀರ ಅಂಟಿಕೊಂಡಿರುವ ತಗ್ಗಿನ ಜಾಗವನ್ನು ವಿದ್ಯಾರ್ಥಿಗಳಿಗೇ ಬಿಟ್ಟುಕೊಟ್ಟಿರುವುದರಿಂದ ಎದುರಾಳಿಗಳ ಕಿವಿಗೆ ಅವರ ಒಂದೊಂದು ಮಾತೂ ಬೀಳುತ್ತದೆ. 1984ರ ಜನವರಿಯಲ್ಲಿ ಮೇರಿಲ್ಯಾಂಡ್ ತಂಡದ ಆಟಗಾರನೊಬ್ಬನನ್ನು ವಿದ್ಯಾರ್ಥಿಗಳು ಹೀನಾಯವಾಗಿ ನಿಂದಿಸಿದಾಗ, ರಾಜ್ಯದ ಮಾಜಿ ಗವರ್ನರನೂ ಆಗ ವಿಶ್ವವಿದ್ಯಾಲಯದ ಅಧ್ಯಕ್ಷನೂ ಆಗಿದ್ದ ಟೆರಿ ಸ್ಯಾನ್‌ಫರ್ಡ್, ಹಿರಿಯ ಬಂಧುವೊಬ್ಬ ಬುದ್ಧಿ ಹೇಳುವ ಧಾಟಿಯಲ್ಲಿ ಅವರಿಗೆ ಪತ್ರ ಬರೆದು, ಚುರುಕಾಗಿರಿ, ಆದರೆ ಕೊಳಕಾಗಬೇಡಿ ಎಂಬ ಆಶಯವನ್ನು ತಿಳಿಸಿದ. ಮುಂದಿನ ಕೆರೊಲೈನಾ ಪಂದ್ಯಕ್ಕೆ ವಿದ್ಯಾರ್ಥಿಗಳು ದೇವದೂತರ ಪ್ರಭಾವಳಿಯನ್ನು ಹೋಲುವ ಬಳೆಗಳನ್ನು ತಲೆಗೆ ಧರಿಸಿ ಬಂದು, ರೆಫರಿಯ ತೀರ್ಪು ಹಿಡಿಸದಿದ್ದಾಗ ಬೈಯುವುದರ ಬದಲು ತಮ್ಮ ಭಿನ್ನಾಭಿಪ್ರಾಯವನ್ನು ವಿನಯದಿಂದ ಒಕ್ಕೊರಲಿನಲ್ಲಿ ನಿವೇದಿಸಿಕೊಂಡರು. ಅಧಿಕಾರಿಯ ಹಿತವಚನವನ್ನು ಪಾಲಿಸುತ್ತಲೇ ಅದನ್ನು ಹೊಸ ಆಟವಾಗಿಸಿಕೊಂಡ ಈ ಜಾಣ್ಮೆಯು ಅಲ್ಲಿನ ಅಭಿಮಾನಕ್ಕೆ ಶಾಶ್ವತವಾದ ರೂಪ ಕೊಟ್ಟಿತು.

ಎರಡು ವರ್ಷಗಳ ನಂತರ, 1986ರ ಕೆರೊಲೈನಾ ಪಂದ್ಯಕ್ಕೆ ಮುಂದಿನ ಜಾಗ ಹಿಡಿಯಲೆಂದು ಕೆಲವರು ಕ್ರೀಡಾಂಗಣದ ಹೊರಗೆ ಟೆಂಟು ಹೊಡೆದರು. ಡ್ಯೂಕ್‌ನ ಅಂದಿನ ತರಬೇತುದಾರ ಮೈಕ್ ಶಷೆಫ್‌ಸ್ಕಿಯ ಹೆಸರಿನಲ್ಲಿ ಕರೆಯಲಾಗುವ ಈ ಬಿಡಾರದಲ್ಲಿ ಇಂದು ವಿದ್ಯಾರ್ಥಿಗಳು ಗುಂಪುಗುಂಪಾಗಿ, ಸರದಿಯ ಮೇಲೆ, ಜನವರಿಯ ಕೊರೆವ ಚಳಿಯಲ್ಲಿ ವಾರಗಟ್ಟಲೆ ಕಾಯುತ್ತಾರೆ. ಇಷ್ಟು ಕಾದ ಗೆಲುವು ಕೈಗೂಡಿದಾಗ ಅವರು ಬೆಂಚುಗಳನ್ನು ಸುಡುತ್ತಾರೆ. ಹಾಸ್ಟೆಲ್ಲುಗಳ ಮುಂದೆ ಕುಳಿತು ಹರಟಲೆಂದು ವಿದ್ಯಾರ್ಥಿ ಬಣಗಳು ತಾವೇ ಕಟ್ಟಿಕೊಂಡ ಮರದ ದೊಡ್ಡ ಆಸನಗಳಿವು. ಬೆಂಕಿ ಕೈಮೀರಬಹುದೆಂಬ ಭಯದಿಂದ 1990ರ ದಶಕದಲ್ಲಿ ಆಡಳಿತಕ್ಕೂ ವಿದ್ಯಾರ್ಥಿಗಳಿಗೂ ತಿಕ್ಕಾಟ ನಡೆದು, ಕೊನೆಗೆ ಅಗ್ನಿಶಾಮಕ ಇಲಾಖೆಯ ಅನುಮತಿ ಪಡೆದು ಆಯ್ದ ಗೆಲುವುಗಳಿಗೆ ಮಾತ್ರ ಸುಡುವ ಏರ್ಪಾಡಾಯಿತು. ಸ್ವಂತ ಅಂಗಣದಲ್ಲಿ ಕೆರೊಲೈನಾವನ್ನು ಸೋಲಿಸುವುದು ಅವುಗಳಲ್ಲಿ ಮುಖ್ಯವಾದದ್ದು. ಬೇರೆಯವರ ಸೊತ್ತಿಗೆ ಕೈಹಾಕದೆ ತಾವು ದುಡಿದು ಮಾಡಿದ್ದನ್ನೇ ಬೆಂಕಿಗೆ ಒಡ್ಡುವ ಈ ಆಚರಣೆಯಲ್ಲಿ ಒಂದು ಘನತೆಯಿದೆ.

 

ಈ ಎಲ್ಲ ಆಚರಣೆಗಳ ತುದಿ ಮುಟ್ಟಿದ್ದು 2022ರಲ್ಲಿ. ಮಾರ್ಚ್ 5ರಂದು, 42 ಋತುಗಳ ಸೇವೆಯ ನಂತರ ನಿವೃತ್ತನಾಗುತ್ತಿದ್ದ ಶಷೆಫ್‌ಸ್ಕಿಗೆ ಬೀಳ್ಕೊಡುಗೆಯೆಂದು ಡ್ಯೂಕ್ ಸಜ್ಜುಗೊಳಿಸಿದ್ದ ಸ್ವಂತ ಅಂಗಣದ ಕೊನೆಯ ಪಂದ್ಯವನ್ನು ಕೆರೊಲೈನಾ 94–81ರಿಂದ ಕಸಿದುಕೊಂಡಿತು. ಏಪ್ರಿಲ್ 2ರಂದು ನ್ಯೂ ಆರ್ಲಿಯನ್ಸಿನ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ, ಆ ಪಂದ್ಯಾವಳಿಯಲ್ಲಿಯೇ ಮೊದಲ ಬಾರಿಗೆ ಮುಖಾಮುಖಿಯಾದಾಗ, 28 ಅಂಕ ಗಳಿಸಿದ ಕೇಲೆಬ್ ಲವ್‌ನ ಆಟದಿಂದ ಮತ್ತೆ 81–77ರಿಂದ ಗೆದ್ದಿತು. ಎರಡೂ ರಾತ್ರಿ ಫ್ರಾಂಕ್ಲಿನ್ ಬೀದಿ ತುಂಬಿ ತುಳುಕಿತು. ಎರಡು ದಿನಗಳ ನಂತರ ಫೈನಲ್‌ನಲ್ಲಿ, ಅರ್ಧ ಸಮಯಕ್ಕೆ 40–25ರಿಂದ ಮುಂದಿದ್ದ ತಂಡ ಕ್ಯಾನ್ಸಸ್ ಎದುರು 72–69ರಿಂದ ಸೋತಿತು. ಆದರೂ ಕೆರೊಲೈನಾದ ಅಭಿಮಾನಿಗಳು ಆ ವರ್ಷವನ್ನು ಸೋಲಿನ ವರ್ಷವೆಂದು ಎಣಿಸುವುದಿಲ್ಲ.

ಗೆದ್ದೊಡನೆ ಪ್ರೇಕ್ಷಕರು ಅಂಗಣಕ್ಕೇ ನುಗ್ಗುವ ಇನ್ನೊಂದು ರೂಢಿ ಇತ್ತೀಚೆಗೆ ದೇಶದಾದ್ಯಂತ ಚರ್ಚೆಗೆ ಒಳಗಾಗಿದೆ. 2024ರ ಫೆಬ್ರವರಿ 24ರಂದು ವೇಕ್ ಫಾರೆಸ್ಟ್ ತಂಡದ ಅಭಿಮಾನಿಗಳು ಹೀಗೆ ನುಗ್ಗಿದಾಗ ಡ್ಯೂಕ್‌ನ ಕೈಲ್ ಫಿಲಿಪೌಸ್ಕಿಯ ಮೊಣಕಾಲಿಗೆ ಪೆಟ್ಟಾಯಿತು. ಸೋತು ಹೊರಡುವ ಆಟಗಾರ ಆ ನೂಕುನುಗ್ಗಲಿಗೆ ಸಿಲುಕದೆ ದಾಟುವುದು ಕಷ್ಟ. ಚಾಪೆಲ್ ಹಿಲ್‌ನ ಹಳೆಯ ಪದ್ಧತಿಯಲ್ಲಿ ಈ ಅಪಾಯಕ್ಕೆ ಎಡೆಯೇ ಕಡಿಮೆ. ಕ್ರೀಡಾಂಗಣದಿಂದ ಸುಮಾರು ಎರಡು ಕಿಲೋಮೀಟರ್ ಓಡಿಹೋಗಿ, ಊರಾಡಳಿತವು ವಾಹನಗಳನ್ನು ತೆರವುಗೊಳಿಸಿ ಮೊದಲೇ ಸಿದ್ಧಪಡಿಸಿದ ಫ್ರಾಂಕ್ಲಿನ್–ಕೊಲಂಬಿಯಾ ಬೀದಿಗಳ ಕೂಡುದಾರಿಯಲ್ಲಿ ಜನ ಸೇರುವ ಹೊತ್ತಿಗೆ, ಸೋತವರು ತಮ್ಮ ಬಸ್ಸು ಹತ್ತಿ ಡರ್ಹಮ್ಮಿನ ದಾರಿ ಹಿಡಿದಿರುತ್ತಾರೆ.