ಐಸಿಯುನಲ್ಲಿ ನರ್ಸ್ ಕೆಲಸ ಏನು? 'ನರ್ಸ್ ಪ್ರಾಕ್ಟೀಷನರ್' ಅಂದ್ರೆ ಯಾರು? ರೋಗಿ ಕಡೆಯವರು ತಿಳ್ಕೋಬೇಕಾದ ಮಾಹಿತಿ

ತಾಲ್ಲೂಕು ಆಸ್ಪತ್ರೆಯಿಂದ ಸೀರಿಯಸ್ ಕೇಸ್ ರೆಫರ್ ಆದ ಕೂಡಲೇ ಮನೆಯವರು ನಾಲ್ಕು ಕಡೆ ಫೋನ್ ಮಾಡಿ ಕೇಳೋದು ಎರಡೇ ಮಾತು: "ಐಸಿಯು ಬೆಡ್ ಇದೆಯಾ? ವೆಂಟಿಲೇಟರ್ ಇದೆಯಾ?" ಆ ವೆಂಟಿಲೇಟರ್ ಪಕ್ಕ ರಾತ್ರಿ ಎರಡು ಗಂಟೆಗೆ ಯಾರು ನಿಂತಿರ್ತಾರೆ ಅಂತ ಕೇಳೋರು ಕಮ್ಮಿ. ಡಾಕ್ಟರ್ ರೌಂಡ್ಸ್‌ಗೆ ಬಂದು ನೋಡಿ ಆರ್ಡರ್ ಬರೆದು ಇನ್ನೊಂದು ಬೆಡ್‌ಗೆ ಹೋಗ್ತಾರೆ. 24 ಗಂಟೆಯೂ ಹಾಸಿಗೆ ಪಕ್ಕ ಇರೋದು ನರ್ಸ್. ರೋಗಿಯ ಸ್ಥಿತಿ ಕೆಡ್ತಿದೆ ಅನ್ನೋದು ಮೊದಲು ಗೊತ್ತಾಗೋದೂ ಅವರಿಗೇ.

ಐಸಿಯು ಶುರುವಾಗಿದ್ದು ಹೇಗೆ?

1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಜೋರಾಗಿ ಹರಡಿತ್ತು. ಉಸಿರಾಟದ ಸ್ನಾಯುಗಳೇ ನಿಂತು ಜನ ಸಾಯ್ತಿದ್ರು. ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯರು ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲವನ್ನ ಕೈಯಲ್ಲಿ ಹಿಸುಕಿ ಗಾಳಿ ಕೊಡೋ ಕ್ರಮ ತಂದ್ರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲು ರಾತ್ರಿ ಚೀಲ ಹಿಸುಕಿದ್ರು. ಸಾವು ಬಹಳ ಕಡಿಮೆ ಆಯ್ತು. ಮರುವರ್ಷವೇ ಇಂಥ ರೋಗಿಗಳಿಗೆ ಪ್ರತ್ಯೇಕ ಘಟಕ ಶುರುವಾಯ್ತು. ಅಂದ್ರೆ ಐಸಿಯು ಹುಟ್ಟಿದ್ದೇ "ಪಕ್ಕದಲ್ಲಿ ಒಬ್ಬರು ಇರಲೇಬೇಕು" ಅನ್ನೋ ಲೆಕ್ಕದಲ್ಲಿ. ಮೆಷಿನ್ ಎಷ್ಟೇ ಸುಧಾರಿಸಿದ್ರೂ ಆ ಲೆಕ್ಕ ಬದಲಾಗಿಲ್ಲ.

ನರ್ಸ್ ಪ್ರಾಕ್ಟೀಷನರ್ ಅಂದ್ರೆ ಯಾರು?

ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ನಾವು ಸಿಸ್ಟರ್, ಬ್ರದರ್ ಅಂತ ಕರೆಯೋರು ಹೆಚ್ಚಾಗಿ ಇಷ್ಟು ಓದಿ ಬಂದವರು. ಇದರ ಮೇಲೆ ಒಂದು ವಿಷಯದಲ್ಲಿ ಸ್ನಾತಕೋತ್ತರ ತರಬೇತಿ ಪಡೆದು, ರೋಗಿಯನ್ನ ಪರೀಕ್ಷಿಸಿ ನಿರ್ಧಾರ ತಗೊಳ್ಳೋ ಮಟ್ಟಕ್ಕೆ ಬಂದವರು ನರ್ಸ್ ಪ್ರಾಕ್ಟೀಷನರ್.

1965ರಲ್ಲಿ ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನೋ ನರ್ಸ್ ಮತ್ತು ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ವೈದ್ಯರು ಸೇರಿ ಈ ಕೋರ್ಸ್ ಮೊದಲು ಶುರು ಮಾಡಿದ್ರು. ಭಾರತದಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸುಮಾರು 2016-17ರಲ್ಲಿ ಕ್ರಿಟಿಕಲ್ ಕೇರ್‌ಗೆ ಅಂತಲೇ 2 ವರ್ಷದ ರೆಸಿಡೆನ್ಸಿ ಕೋರ್ಸ್ ತಂತು. ಬಿಎಸ್ಸಿ ಆದ ಮೇಲೆ ಕನಿಷ್ಠ 1 ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿರಬೇಕು. ಕೋರ್ಸ್‌ನ ಬಹುಪಾಲು ಸಮಯ ಕ್ಲಾಸ್ ರೂಮಲ್ಲಿ ಅಲ್ಲ, ಐಸಿಯು ಒಳಗೇ ಕಳೆಯತ್ತೆ.

ಒಂದು ಸ್ಪಷ್ಟನೆ: ಇವರು ಡಾಕ್ಟರ್ ಅಲ್ಲ, ಡಾಕ್ಟರ್ ಜಾಗಕ್ಕೆ ಬರೋರೂ ಅಲ್ಲ. ಆಸ್ಪತ್ರೆ ಮೊದಲೇ ಬರೆದಿಟ್ಟ ನಿಯಮದ ಒಳಗೆ ಪರೀಕ್ಷೆ ಬರೆಯೋದು, ಔಷಧಿ ಕೊಡೋದು, ಚಿಕಿತ್ಸೆ ಶುರು ಮಾಡೋದು ಇವರ ಕೆಲಸ. ಐಸಿಯು ವೈದ್ಯರ ಜೊತೆಗೇ ದುಡೀತಾರೆ.

ನಮ್ಮ ಕಡೆ ಕೇಸ್‌ಗಳಲ್ಲಿ ಇವರ ಕೌಶಲ ಹೇಗೆ ಕೆಲಸಕ್ಕೆ ಬರತ್ತೆ?

1. ಕೀಟನಾಶಕದ ವಿಷ: ಬೆಳೆಗೆ ಹೊಡೆಯೋ ಆರ್ಗ್ಯಾನೋಫಾಸ್ಫರಸ್ ಔಷಧಿ ಒಳಗೆ ಹೋದ್ರೆ ಬಾಯಲ್ಲಿ ಜೊಲ್ಲು, ಎದೆಯಲ್ಲಿ ನೀರು ತುಂಬತ್ತೆ. ಅದಕ್ಕೆ ಅಟ್ರೋಪಿನ್ ಕೊಡ್ತಾರೆ. ಎದೆ ಶಬ್ದ ತಿಳಿಯಾಗೋವರೆಗೂ ಕೆಲವೇ ನಿಮಿಷಕ್ಕೊಮ್ಮೆ ನೋಡಿ ಡೋಸ್ ಏರಿಸಬೇಕು. ಕಮ್ಮಿ ಆದ್ರೆ ಉಸಿರು ಕಟ್ಟತ್ತೆ, ಜಾಸ್ತಿ ಆದ್ರೆ ಜ್ವರ ಏರಿ ರೋಗಿ ಬಡಬಡಿಸ್ತಾರೆ. ಎದೆ, ನಾಡಿ, ಕಣ್ಣಿನ ಪಾಪೆ, ಕಂಕುಳ ಬೆವರು ಎಲ್ಲ ನೋಡ್ತಾ ಇರಬೇಕು.

ಇನ್ನೊಂದು ಮುಖ್ಯ ವಿಷಯ. ರೋಗಿ ಎದ್ದು ಮಾತಾಡಿದ ಮೇಲೂ 1ರಿಂದ 4 ದಿನದ ಒಳಗೆ ಕುತ್ತಿಗೆ ಬಲ ಹೋಗಿ ಮತ್ತೆ ಉಸಿರು ನಿಲ್ಲಬಹುದು. ಅದಕ್ಕೇ ತಿಳಿದ ನರ್ಸ್ ಪದೇ ಪದೇ "ದಿಂಬಿಂದ ತಲೆ ಎತ್ತಿ" ಅಂತ ಹೇಳಿಸಿ ನೋಡ್ತಾರೆ. "ಚೆನ್ನಾಗಿ ಮಾತಾಡ್ತಿದಾನೆ, ಮನೆಗೆ ಕರ್ಕೊಂಡು ಹೋಗ್ತೀವಿ" ಅಂತ ಹಠ ಮಾಡಬಾರದು ಅನ್ನೋದೂ ಇದಕ್ಕೇ.

2. ಹಾವು ಕಡಿತ: ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಕಟ್ಟು ಹಾವು ರಾತ್ರಿ ಮಲಗಿದಾಗ ಕಡಿದ್ರೆ ನೋವು, ಊತ ಕಾಣದೇ ಇರಬಹುದು. ರೆಪ್ಪೆ ಜೋತು ಬೀಳೋದು ಮೊದಲ ಸೂಚನೆ. ಆಮೇಲೆ ನುಂಗೋಕೆ, ಉಸಿರಾಡೋಕೆ ಕಷ್ಟ. ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸ್ತಾರೆ ಅಂತ ಗಂಟೆಗಂಟೆಗೆ ಕೇಳ್ತಾರೆ. 25ರವರೆಗೆ ಎಣಿಸ್ತಿದ್ದವರು 12ಕ್ಕೆ ನಿಂತ್ರೆ ವೆಂಟಿಲೇಟರ್‌ಗೆ ತಯಾರಿ ಮಾಡೋ ಹೊತ್ತಾಯ್ತು ಅಂತ ಲೆಕ್ಕ.

3. ಬೈಕ್ ಅಪಘಾತ, ತಲೆಗೆ ಪೆಟ್ಟು: ಪ್ರಜ್ಞೆ ಅಳೆಯೋಕೆ ಗ್ಲಾಸ್ಗೋ ಸ್ಕೋರ್ ಇದೆ. ಕಡಿಮೆ ಅಂದ್ರೆ 3, ಪೂರ್ತಿ ಅಂದ್ರೆ 15. ಸ್ಕೋರ್ 2 ಅಂಕ ಬಿದ್ರೆ ಅಥವಾ ಒಂದು ಕಣ್ಣಿನ ಪಾಪೆ ದೊಡ್ಡದಾದ್ರೆ ಬೆಳಗಿನ ರೌಂಡ್ಸ್‌ವರೆಗೆ ಕಾಯೋ ಹಾಗಿಲ್ಲ. ಆ ಕ್ಷಣವೇ ಡಾಕ್ಟರ್‌ಗೆ ಫೋನ್.

4. ವೆಂಟಿಲೇಟರ್: ಅಲಾರಂ ಹೊಡೆದ್ರೆ ಆಫ್ ಮಾಡೋದು ಕೌಶಲ ಅಲ್ಲ. ಕೊಳವೆ ಜರುಗಿದೆಯಾ, ಕಫ ಕಟ್ಟಿದೆಯಾ, ಶ್ವಾಸಕೋಶದ ಹೊರಗೆ ಗಾಳಿ ಸೇರಿದೆಯಾ, ಮೆಷಿನ್‌ನದ್ದೇ ತೊಂದರೆಯಾ ಅಂತ ಕೆಲವೇ ಕ್ಷಣದಲ್ಲಿ ಹುಡುಕಬೇಕು. ತಲೆ ಕಡೆ ಹಾಸಿಗೆ 30ರಿಂದ 45 ಡಿಗ್ರಿ ಎತ್ತರ ಇಡೋದು, ಬಾಯಿ ಕ್ಲೀನ್ ಮಾಡೋದು ನಿಮೋನಿಯಾ ತಡೆಯೋಕೆ. ದಿನಕ್ಕೊಮ್ಮೆ ಮಂಪರು ಔಷಧಿ ನಿಲ್ಲಿಸಿ, ರೋಗಿ ತಾನಾಗೇ ಉಸಿರಾಡ್ತಾರಾ ಅಂತ ನೋಡಬೇಕು. ಇದು ಸರಿಯಾಗಿ ನಡೆದ್ರೆ ವೆಂಟಿಲೇಟರ್ ದಿನಗಳು ಕಮ್ಮಿ ಆಗತ್ತೆ. ಬಿಲ್ ಕೂಡ.

5. ಬಿಪಿ, ಮೂತ್ರ, ಮೈ: ಬಿಪಿ ಹಿಡಿದಿಡೋ ಔಷಧಿಯ ಸಿರಿಂಜ್ ಬದಲಿಸುವಾಗ ಒಂದು ನಿಮಿಷ ತಪ್ಪಿದ್ರೂ ಬಿಪಿ ಕುಸಿಯತ್ತೆ. ಮೂತ್ರ ಗಂಟೆಗೆ ಕೆಜಿ ತೂಕಕ್ಕೆ ಅರ್ಧ ಎಂಎಲ್, ಅಂದ್ರೆ 60 ಕೆಜಿ ಇರೋರಿಗೆ 30 ಎಂಎಲ್ ಬರಬೇಕು. ಇಳಿದ್ರೆ ಕಿಡ್ನಿ ಕಡೆ ಗಮನ ಕೊಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ರೆ ಬೆನ್ನಿಗೆ ಹುಣ್ಣು ಗ್ಯಾರಂಟಿ.

ಒಬ್ಬ ನರ್ಸ್‌ಗೆ ಎಷ್ಟು ರೋಗಿ?

ವೆಂಟಿಲೇಟರ್ ಮೇಲಿರೋ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನೋದು ಐಸಿಯು ವೈದ್ಯರ ಸಂಘ ಐಎಸ್‌ಸಿಸಿಎಂ ಹೇಳೋ ಮಾನದಂಡ. ಇದು ಬರೀ ಕಾಗದದ ಲೆಕ್ಕ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಏಕೆನ್ ತಂಡ 168 ಆಸ್ಪತ್ರೆಗಳ ಆಪರೇಷನ್ ಆದ ರೋಗಿಗಳ ಬಗ್ಗೆ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟ ಆಯ್ತು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನದೊಳಗಿನ ಸಾವಿನ ಸಾಧ್ಯತೆ ಶೇ 7ರಷ್ಟು ಏರತ್ತೆ ಅಂತ ಅದರಲ್ಲಿ ಕಂಡುಬಂತು.

ನಮ್ಮಲ್ಲಿ ಸಮಸ್ಯೆ ಎರಡು. ನರ್ಸ್ ಪ್ರಾಕ್ಟೀಷನರ್ ಓದಿದವರಿಗೆ ಹೆಚ್ಚಿನ ಕಡೆ ಪ್ರತ್ಯೇಕ ಹುದ್ದೆಯಾಗಲಿ ಸಂಬಳವಾಗಲಿ ಇಲ್ಲ, ಸ್ಟಾಫ್ ನರ್ಸ್ ಆಗಿಯೇ ಸೇರಬೇಕು. ಎರಡನೇದು, ಕೈ ಪಳಗಿದವರು ಗಲ್ಫ್‌ಗೋ ಇಂಗ್ಲೆಂಡ್‌ಗೋ ಹೋಗ್ತಾರೆ. 50ಕ್ಕಿಂತ ಕಮ್ಮಿ ಬೆಡ್‌ನ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20,000 ರೂ. ಸಂಬಳ ಕೊಡಬೇಕು ಅಂತ 2016ರಲ್ಲೇ, ಸುಪ್ರೀಂ ಕೋರ್ಟ್ ಆದೇಶದ ಮೇಲೆ ಆದ ಸಮಿತಿ ಶಿಫಾರಸು ಮಾಡಿತ್ತು. ಬೆಡ್ ಹಾಕೋದು ಸುಲಭ, ಬೆಡ್ ಪಕ್ಕ ನಿಲ್ಲೋರನ್ನ ಉಳಿಸ್ಕೊಳ್ಳೋದು ಕಷ್ಟ.

ಮನೆಯವರು ಕೇಳಬಹುದಾದ ಪ್ರಶ್ನೆಗಳು

- ಈ ಪಾಳಿಯಲ್ಲಿ ನಮ್ಮ ರೋಗಿಯನ್ನ ನೋಡ್ಕೊಳ್ಳೋ ನರ್ಸ್ ಯಾರು? ಅವರಿಗೆ ಒಟ್ಟು ಎಷ್ಟು ರೋಗಿ?
- ರಾತ್ರಿ ಡ್ಯೂಟಿ ಡಾಕ್ಟರ್ ಐಸಿಯುನಲ್ಲೇ ಇರ್ತಾರಾ, ಫೋನ್ ಮಾಡಿ ಕರೆಸಬೇಕಾ?
- ನಿನ್ನೆಗಿಂತ ಇವತ್ತು ಏನು ಬದಲಾಗಿದೆ? ಆಕ್ಸಿಜನ್, ಬಿಪಿ ಔಷಧಿ ಏರಿದೆಯಾ ಇಳಿದಿದೆಯಾ?
- ವೆಂಟಿಲೇಟರ್ ಬಿಡಿಸೋ ಪ್ರಯತ್ನ ಇವತ್ತು ಆಯ್ತಾ?

ರೋಗಿ ಅಥವಾ ಮನೆಯವರು ಬೇಡ ಅಂದ್ರೆ ಐಸಿಯುಗೆ ಸೇರಿಸಬಾರದು ಅಂತ ಕೇಂದ್ರ ಆರೋಗ್ಯ ಸಚಿವಾಲಯದ 2024ರ ಮಾರ್ಗಸೂಚಿ ಹೇಳತ್ತೆ. ಖಾಸಗಿ ಆಸ್ಪತ್ರೆ ಬಗ್ಗೆ ದೂರಿದ್ರೆ ಕೆಪಿಎಂಇ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ.

ಇದೂ ಗಮನದಲ್ಲಿರಲಿ

ಒಳಗೆ ಹೋಗೋ ಮುಂಚೆ ಕೈ ತೊಳೀರಿ. ಹತ್ತು ಜನ ಹೋಗೋ ಬದಲು ವಿಷಯ ಕೇಳೋಕೆ ಮನೆಯಿಂದ ಒಬ್ಬರನ್ನ ಗೊತ್ತು ಮಾಡಿ. ರೋಗಿ ಮೊದಲಿಂದ ತಗೊಳ್ತಿದ್ದ ಮಾತ್ರೆ, ಅಲರ್ಜಿ, ವಿಷ ಆಗಿದ್ರೆ ಬಾಟಲಿ ಮೇಲಿನ ಹೆಸರು, ಇದನ್ನೆಲ್ಲ ಬರೆದು ನರ್ಸ್ ಕೈಗೇ ಕೊಡಿ. ಬೈಯೋಕೆ ಮುಂಚೆ ಒಂದು ಮಾತು: ಅವರು ನಿಮ್ಮ ಜೊತೆ ವಾದ ಮಾಡ್ತಾ ನಿಂತಷ್ಟು ಹೊತ್ತು ಮಾನಿಟರ್ ನೋಡೋರು ಯಾರೂ ಇರಲ್ಲ.