ಮುಪ್ಪಿನಲ್ಲಿ ಸ್ಟ್ಯಾಟಿನ್ ಔಷಧ: ಪ್ರಮಾಣದ ಚರಿತ್ರೆಯೂ ಮಂಡ್ಯ ಸೀಮೆಯ ಹಿರಿಯರೂ

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಅರುವತ್ತು ದಾಟಿದವರು ರಕ್ತಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು, “ಮೈಯಲ್ಲಿ ಯಾವ ಬೇನೆಯೂ ಇಲ್ಲ, ಆದರೂ ಈ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕೆ?” ಎಂದು ಕೇಳುವುದು ಇಂದು ಅಪೂರ್ವವಲ್ಲ. ಇದು ವೈದ್ಯರು ಉತ್ತರಿಸತಕ್ಕ ಪ್ರಶ್ನೆಯೆಂಬುದು ದಿಟ. ಆದರೆ ವೈದ್ಯರು ಕೊಡುವ ಉತ್ತರಕ್ಕೂ ಒಂದು ಚರಿತ್ರೆಯಿದೆ. ಆ ಉತ್ತರದ ಪ್ರಮಾಣವು ಯಾವ ಕಾಲದಲ್ಲಿ, ಯಾವ ದೇಶದಲ್ಲಿ, ಯಾವ ವಯಸ್ಸಿನವರಲ್ಲಿ ದೊರೆಯಿತು ಎಂಬುದನ್ನರಿತರೆ, ಅದು ಎಲ್ಲಿ ದೃಢವಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದು ತಾನಾಗಿ ತೋರುವುದು. ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ರೋಗವಿಲ್ಲದವನಿಗೆ ಔಷಧವೆಂಬ ಕಲ್ಪನೆ ನಮಗೆ ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಔಷಧವನ್ನು ಎರಡಾಗಿ ವಿಂಗಡಿಸುತ್ತದೆ: ಸ್ವಸ್ಥನ ಓಜಸ್ಸನ್ನು ಹೆಚ್ಚಿಸುವುದು ಒಂದು, ಆರ್ತನ ರೋಗವನ್ನು ನೀಗುವುದು ಇನ್ನೊಂದು. ರಸಾಯನತಂತ್ರವು ಮೊದಲನೆಯ ಬಗೆಗೆ ಸೇರಿದುದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದಂದಿನಿಂದಲೂ ವೈದ್ಯಶಾಸ್ತ್ರವು ಕನ್ನಡದಲ್ಲಿ ಬೆಳೆದುಬಂದಿದೆ. ಆದರೆ ಒಂದು ಎಚ್ಚರಿಕೆ ಅವಶ್ಯಕ. ಪ್ರಾಚೀನರು ಹೇಳಿದ ಮೇದೋಧಾತುವನ್ನು ಇಂದಿನ ಕೊಲೆಸ್ಟರಾಲಿನೊಡನೆ ಸಮೀಕರಿಸುವುದು ಯುಕ್ತವಲ್ಲ. ಕೊಲೆಸ್ಟರಾಲ್ ಎಂಬ ಹೆಸರು ಪಿತ್ತ, ಘನ ಎಂಬ ಅರ್ಥದ ಎರಡು ಗ್ರೀಕ್ ಮಾತುಗಳಿಂದಾದುದು. ಆ ವಸ್ತುವು ಮೊದಲು ದೊರೆತದ್ದು ಪಿತ್ತಕೋಶದ ಕಲ್ಲುಗಳಲ್ಲಿ. ೧೯೧೩ರಲ್ಲಿ ರಷ್ಯಾ ದೇಶದ ಅನಿಚ್ಕೋವನು ಮೊಲಗಳಿಗೆ ಅದನ್ನು ತಿನ್ನಿಸಿ, ಅವುಗಳ ರಕ್ತನಾಳಗಳು ಕೆಡುವುದನ್ನು ತೋರಿಸಿದನು. ಅಲ್ಲಿಯವರೆಗೆ ಹೃದ್ರೋಗದೊಡನೆ ಅದರ ಸಂಬಂಧವು ಸ್ಥಾಪಿತವಾಗಿರಲಿಲ್ಲ.

ಅದನ್ನು ತಗ್ಗಿಸುವ ಔಷಧದ ಉಗಮವು ಭತ್ತ ಬೆಳೆಯುವ ಸೀಮೆಯವರಿಗೆ ಕುತೂಹಲಕರವಾಗಿದೆ. ಜಪಾನಿನ ಅಕಿತಾ ಪ್ರಾಂತದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಅಕಿರಾ ಎಂಡೊ ಎಂಬ ವಿಜ್ಞಾನಿಯು, ಸುಮಾರು ೬,೦೦೦ ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ೧೯೭೩ರಲ್ಲಿ ಮೊದಲನೆಯ ಸ್ಟ್ಯಾಟಿನನ್ನು ಕಂಡುಹಿಡಿದನು. ಅದನ್ನು ಕೊಟ್ಟ ಬೂಷ್ಟು ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತದ್ದು. ಯಕೃತ್ತು ಕೊಲೆಸ್ಟರಾಲನ್ನು ತಯಾರಿಸುವ ಮಾರ್ಗದಲ್ಲಿ ಒಂದು ಕಿಣ್ವವನ್ನು ತಡೆಯುವುದೇ ಇದರ ಕೆಲಸ. ಹಾಗೆ ತಡೆದಾಗ ಯಕೃತ್ತು ರಕ್ತದಲ್ಲಿರುವುದನ್ನೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಈ ವರ್ಗದ ಔಷಧವು ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದುದು ೧೯೮೭ರಲ್ಲಿ.

ಇನ್ನು ಪ್ರಮಾಣದ ವಿಚಾರ. ೧೯೯೪ರಲ್ಲಿ ಪ್ರಕಟವಾದ ಸ್ಕಾಂಡಿನೇವಿಯ ದೇಶಗಳ ಪರೀಕ್ಷೆಯಲ್ಲಿ ೪,೪೪೪ ಮಂದಿಯಿದ್ದರು. ಎಲ್ಲರೂ ೩೫ರಿಂದ ೭೦ ವರ್ಷದೊಳಗಿನವರು, ಎಲ್ಲರೂ ಮೊದಲೇ ಹೃದ್ರೋಗವುಳ್ಳವರು. ಸುಮಾರು ಐದೂವರೆ ವರ್ಷಗಳಲ್ಲಿ ಔಷಧವಿಲ್ಲದವರ ಪೈಕಿ ನೂರಕ್ಕೆ ೧೨ ಮಂದಿಯೂ, ಔಷಧ ಪಡೆದವರ ಪೈಕಿ ನೂರಕ್ಕೆ ೮ ಮಂದಿಯೂ ಮೃತರಾದರು. ಮರುವರ್ಷ ಪ್ರಕಟವಾದ ಸ್ಕಾಟ್ಲೆಂಡಿನ ಪರೀಕ್ಷೆಯಲ್ಲಿದ್ದ ೬,೫೯೫ ಮಂದಿಗೆ ಮೊದಲು ಹೃದಯಾಘಾತವಾಗಿರಲಿಲ್ಲ. ಅಲ್ಲಿಯೂ ಗುಣ ಕಂಡುಬಂದಿತು. ಆದರೆ ಅವರೆಲ್ಲರೂ ೪೫ರಿಂದ ೬೪ ವರ್ಷದ ಗಂಡಸರು. ಮುದುಕರನ್ನೂ ಮುದುಕಿಯರನ್ನೂ ಉದ್ದೇಶಿಸಿ ನಡೆಸಿದ ದೊಡ್ಡ ಪರೀಕ್ಷೆಯ ಫಲ ಹೊರಬಂದುದು ೨೦೦೨ರಲ್ಲಿ. ಅದರಲ್ಲಿ ೭೦ರಿಂದ ೮೨ ವರ್ಷದ ೫,೮೦೪ ಮಂದಿಯಿದ್ದರು. ಒಟ್ಟಿನಲ್ಲಿ ಲಾಭವುಂಟಾಯಿತಾದರೂ, ಮೊದಲು ರಕ್ತನಾಳದ ರೋಗವಿಲ್ಲದಿದ್ದವರಲ್ಲಿ ಅದು ಸ್ಪಷ್ಟವಾಗಲಿಲ್ಲ. ೨೦೧೯ರಲ್ಲಿ ೨೮ ಪರೀಕ್ಷೆಗಳ ೧,೮೬,೮೫೪ ಮಂದಿಯ ವಿವರಗಳನ್ನು ಕೂಡಿಸಿ ನೋಡಿದಾಗ ೭೫ ದಾಟಿದವರು ೧೪,೪೮೩ ಮಂದಿ ಮಾತ್ರ. ರೋಗವಿಲ್ಲದ ಅತಿವೃದ್ಧರ ವಿಷಯದಲ್ಲಿ ನೇರವಾದ ಸಾಕ್ಷ್ಯವು ಅಲ್ಪವೆಂಬುದನ್ನು ಆ ಸಂಶೋಧಕರೇ ಒಪ್ಪಿದರು.

ನಮ್ಮ ನಾಡಿನವರು ಈ ಪ್ರಮಾಣದೊಳಕ್ಕೆ ಬಂದುದು ತಡವಾಗಿ. ಹೃದ್ರೋಗದ ಹಲವು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಕೂಡಿಸಿ ನೋಡಿದ, ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೫,೭೧೩ ಮಂದಿಯ ಪೈಕಿ ಹೆಚ್ಚುಕಡಮೆ ಅರ್ಧದಷ್ಟು ಜನ ಭಾರತೀಯರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯು ಅದರಲ್ಲಿ ಮುಖ್ಯ ಪಾತ್ರ ವಹಿಸಿತು. ಅವರ ಸರಾಸರಿ ವಯಸ್ಸು ಸುಮಾರು ೬೪. ಹೃದ್ರೋಗ, ಪಾರ್ಶ್ವವಾಯು ಮೊದಲಾದ ಆಘಾತಗಳು ನೂರಕ್ಕೆ ೫.೫ರಿಂದ ೪.೪ಕ್ಕೆ ಇಳಿದುವು. ಆದರೆ ಆ ಮಾತ್ರೆಯಲ್ಲಿ ಸ್ಟ್ಯಾಟಿನಿನೊಡನೆ ರಕ್ತದೊತ್ತಡದ ಮೂರು ಔಷಧಗಳೂ ಇದ್ದುದರಿಂದ, ಫಲವೆಲ್ಲವನ್ನೂ ಸ್ಟ್ಯಾಟಿನಿಗೇ ಆರೋಪಿಸುವುದು ನ್ಯಾಯವಲ್ಲ.

ಮಂಡ್ಯ ಸೀಮೆಯಲ್ಲಿ ಈ ಪ್ರಶ್ನೆ ಏಳುವುದಕ್ಕೆ ಮುಪ್ಪೇ ಮೊದಲು ಸುಲಭವಾಗಬೇಕಾಗಿತ್ತು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು ೧೯೩೯ರಲ್ಲಿ. ಅದರ ಮುಂದಿನ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು ೩೨ ವರ್ಷವಿದ್ದುದು ಈಗ ಸುಮಾರು ೭೦ಕ್ಕೆ ಏರಿದೆ. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು, ೧೯೩೩ರಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ರಾಗಿಯ ಹೊಲಗಳು ಭತ್ತ ಕಬ್ಬುಗಳ ಗದ್ದೆಗಳಾದುವು. ಅನ್ನ ಹೆಚ್ಚಿ ಮುದ್ದೆ ಕಡಮೆಯಾದುದರಿಂದಲೇ ಕೊಲೆಸ್ಟರಾಲ್ ಏರಿತೆಂದು ಹೇಳುವವರುಂಟು. ಇದು ಆಲೋಚಿಸತಕ್ಕ ಮಾತಾದರೂ ಸಿದ್ಧಾಂತವಲ್ಲ. ತಂಬಾಕು, ಮಧುಮೇಹ, ರಕ್ತದೊತ್ತಡ, ವಂಶಗುಣ, ಕಡಮೆಯಾದ ದೇಹಶ್ರಮ ಇವೆಲ್ಲವನ್ನೂ ಕೂಡಿಸಿಯೇ ಹೃದ್ರೋಗದ ಅಪಾಯವನ್ನು ಅಳೆಯಬೇಕಾಗುತ್ತದೆ.

ಈಗ ಮೂವರು ಹಿರಿಯರನ್ನು ಭಾವಿಸಿಕೊಳ್ಳೋಣ. ಮೊದಲನೆಯವರು ಮಂಡ್ಯದವರು; ಒಮ್ಮೆ ಹೃದಯಾಘಾತವಾಗಿದೆ. ಇವರ ವಿಷಯದಲ್ಲಿ ಪ್ರಮಾಣವು ದೃಢವಾಗಿದೆ. ವಯಸ್ಸೊಂದನ್ನೇ ನೆವಮಾಡಿ ಔಷಧವನ್ನು ಬಿಡುವುದು ಸರಿಯಲ್ಲ. ಎರಡನೆಯವರು ಮದ್ದೂರಿನ ೬೬ ವರ್ಷದ ತಾಯಿ, ಆಘಾತವಾಗಿಲ್ಲ, ಮಧುಮೇಹವುಂಟು. ಇವರಲ್ಲಿಯೂ ತಕ್ಕಡಿಯು ಔಷಧದ ಕಡೆಗೇ ತೂಗುತ್ತದೆ. ಮೂರನೆಯವರು ಮಳವಳ್ಳಿಯ ೭೯ ವರ್ಷದವರು. ಗದ್ದೆಗೆ ನಡೆದುಹೋಗಿ ಬರುತ್ತಾರೆ, ವರದಿಯ ಅಂಕಿಯೊಂದನ್ನುಳಿದು ಬೇರೆ ದೋಷವಿಲ್ಲ. ಪ್ರಮಾಣವು ಸಡಿಲವಾಗಿರುವುದು ಇಲ್ಲಿಯೇ. ೫೦ರಿಂದ ೭೫ ವರ್ಷದ, ಆಘಾತವಾಗಿರದ ನೂರು ಮಂದಿಯಲ್ಲಿ ಒಬ್ಬರ ಆಘಾತ ತಪ್ಪಲು ಸುಮಾರು ಎರಡೂವರೆ ವರ್ಷ ಬೇಕೆಂದು ೨೦೨೦ರ ಒಂದು ಗಣನೆ ಹೇಳುತ್ತದೆ. ಆದುದರಿಂದ ಮುಂದೆ ಎಷ್ಟು ಕಾಲದ ಬಾಳನ್ನು ನಿರೀಕ್ಷಿಸಬಹುದು, ಈಗಾಗಲೇ ಎಷ್ಟು ಮಾತ್ರೆಗಳನ್ನು ನುಂಗುತ್ತಿದ್ದಾರೆ, ಪಾರ್ಶ್ವವಾಯುವಿನ ಭಯ ಹೆಚ್ಚೋ ನಿತ್ಯ ಔಷಧದ ಬೇಸರ ಹೆಚ್ಚೋ ಎಂಬುದನ್ನು ಕೇಳದೆ ಯಾರೂ ನಿರ್ಣಯಿಸಲಾಗದು.

ಮಾಂಸಖಂಡಗಳ ನೋವಿನ ಭಯವನ್ನೂ ಇಲ್ಲಿ ಹೇಳಬೇಕು. ಔಷಧವನ್ನು ಬಿಟ್ಟಿದ್ದ ೬೦ ಮಂದಿಗೆ ಲಂಡನ್ನಿನಲ್ಲಿ ಕೆಲವು ತಿಂಗಳು ಸ್ಟ್ಯಾಟಿನನ್ನೂ ಕೆಲವು ತಿಂಗಳು ಸತ್ತ್ವವಿಲ್ಲದ ಮಾತ್ರೆಯನ್ನೂ ತಿಳಿಸದೆ ಕೊಟ್ಟು ನೋಡಲಾಗಿ, ಬಾಧೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸತ್ತ್ವವಿಲ್ಲದ ಮಾತ್ರೆಯಲ್ಲಿಯೂ ಕಂಡುಬಂದಿತು. ಆದರೂ ನಿಜವಾದ ಸ್ನಾಯುಬಾಧೆಯು ವಿರಳವಾಗಿ ಉಂಟು. ಆದಕಾರಣ ಹಿರಿಯರ ದೂರನ್ನು ಪರೀಕ್ಷಿಸದೆ ತಳ್ಳಿಹಾಕತಕ್ಕದ್ದಲ್ಲ.

ಒಟ್ಟಿನಲ್ಲಿ, ರೋಗ ಕಂಡವರಿಗೆ ಚರಿತ್ರೆಯು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ರೋಗ ಕಾಣದ ಅತಿವೃದ್ಧರಿಗೆ ಅಷ್ಟು ನಿಚ್ಚಳವಾದ ಉತ್ತರವನ್ನು ಕೊಟ್ಟಿಲ್ಲ. ನಮ್ಮ ಮನೆಗಳಲ್ಲಿ ಮೈಸೂರು ಬೆಂಗಳೂರುಗಳಲ್ಲಿರುವ ಮಕ್ಕಳೂ ವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಿ, ಮಾತ್ರೆ ನುಂಗಬೇಕಾದವರಿಗೆ ಕಡೆಯಲ್ಲಿ ತಿಳಿಸುವುದುಂಟು. ಪ್ರಮಾಣವು ಸಡಿಲವಾಗಿರುವಲ್ಲಿ ಆ ಹಿರಿಯರ ಇಷ್ಟವೇ ನಿರ್ಣಾಯಕವಾಗಬೇಕಾದುದರಿಂದ, ಅವರನ್ನು ಮೊದಲು ಕೇಳುವುದು ಉಪಚಾರದ ಮಾತಲ್ಲ. ಅದು ಶಾಸ್ತ್ರವೇ ಬಯಸುವ ಕ್ರಮ.