ಬಿಲ್ಲಿನ ಎರಡು ಮೈ: ಕೋಶದ ಪದ, ಕುಶಲಿಯ ಮರ

ಪ್ರಾಚೀನ ಕೃತಿಗಳನ್ನು ಓದುವಾಗ ಕಾರ್ಮುಕ, ಕೋದಂಡ, ಚಾಪ ಎಂಬ ಪದಗಳು ಎದುರಾದರೆ ‘ಬಿಲ್ಲು’ ಎಂದು ಅರ್ಥ ಬರೆದು ಮುಂದೆ ಸಾಗುವುದು ನಮ್ಮ ರೂಢಿ. ಅಮರಸಿಂಹನೂ ಇವನ್ನು ಪರ್ಯಾಯಪದಗಳಾಗಿಯೇ ಎಣಿಸಿದ್ದಾನೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ದೃಷ್ಟಿ ಬೇರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ತಾಳೆ, ಚಾಪವೆಂಬ ಬಿದಿರು, ಮರ, ಕೊಂಬು ಇವುಗಳಿಂದಾದ ಬಿಲ್ಲುಗಳಿಗೆ ಕ್ರಮವಾಗಿ ಕಾರ್ಮುಕ, ಕೋದಂಡ, ದ್ರೂಣ, ಧನುಸ್ಸು ಎಂಬ ಹೆಸರುಗಳೆಂದು ಶಾಸ್ತ್ರಿಗಳು ಅಲ್ಲಿನ ಸೂತ್ರವನ್ನು ಅರ್ಥೈಸಿದ್ದಾರೆ. ಕೋಶಕಾರನಿಗೆ ಒಂದಾಗಿರುವುದು ಆಯುಧಾಗಾರದ ಅಧಿಕಾರಿಗೆ ನಾಲ್ಕು.

ದ್ರವ್ಯಭೇದಕ್ಕೆ ಇಷ್ಟು ಮಹತ್ತ್ವವೇಕೆ? ಹೆದೆಯನ್ನು ಎಳೆದಾಗ ಬಿಲ್ಲಿನ ಎರಡು ಮೈಗಳು ಪರಸ್ಪರ ವಿರುದ್ಧವಾದ ಬಲಗಳಿಗೆ ಒಳಗಾಗುತ್ತವೆ. ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಒಳಮೈ ಅದುಮಿಕೊಳ್ಳುತ್ತದೆ. ಹಿಗ್ಗಲಾರದ ಹೊರಮೈ ಸೀಳುತ್ತದೆ, ಒತ್ತಡವನ್ನು ತಾಳಲಾರದ ಒಳಮೈ ನಲುಗುತ್ತದೆ. ಆದ್ದರಿಂದ ಮರವನ್ನು ಆಯುವ ಕುಶಲಿಯು ವಾಸ್ತವವಾಗಿ ಎರಡು ಗುಣಗಳನ್ನು ಅರಸುತ್ತಾನೆ.

ಈ ಎರಡು ಗುಣಗಳೂ ಒಂದೇ ಕಾಂಡದಲ್ಲಿ ಕೂಡಿಬಂದ ನಿದರ್ಶನ ಯೂರೋಪಿನ ಯೂ ಮರ. ತೊಗಟೆಯ ಕೆಳಗಿನ ಬಿಳಿಯ ಪದರ ಎಳೆತವನ್ನೂ, ಅದರೊಳಗಿನ ಕೆಂಬಣ್ಣದ ಚೇಗು ಒತ್ತಡವನ್ನೂ ತಾಳುತ್ತವೆ. ಇವೆರಡೂ ಸೇರುವ ಗೆರೆಯನ್ನು ಉಳಿಸಿಕೊಂಡು ಬಿಲ್ಲನ್ನು ಕೆತ್ತಲಾಗುತ್ತಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನ ಅವಶೇಷಗಳಲ್ಲಿ ಇಂತಹ ಯೂ ಬಿಲ್ಲುಗಳು ನೂರಕ್ಕೂ ಹೆಚ್ಚು ದೊರೆತಿವೆ. ಆದರೆ ಯೂ ನಿಧಾನವಾಗಿ ಬೆಳೆಯುವ ಮರ. ಗಂಟಿಲ್ಲದ ನೀಳವಾದ ಕಾಂಡ ದುರ್ಲಭ. ಬಿಲ್ಲುಗೋಲುಗಳು ದೊರೆಯುವ ನಾಡುಗಳಿಂದ ಬರುವ ವರ್ತಕರು ಪ್ರತಿ ಟನ್ನು ಸರಕಿಗೆ ನಾಲ್ಕು ಕೋಲುಗಳನ್ನು ತರತಕ್ಕದ್ದೆಂದು ಇಂಗ್ಲೆಂಡು 1472ರಲ್ಲಿ ಶಾಸನ ಮಾಡಬೇಕಾಯಿತು.

ಪ್ರಕೃತಿ ಒಂದೆಡೆ ಕೂಡಿಸಿ ಕೊಡದುದನ್ನು ಮನುಷ್ಯನು ಅಂಟಿನಿಂದ ಕೂಡಿಸಿದನು. ಜಪಾನಿನ ನೀಳಬಿಲ್ಲಿನ ವಿಕಾಸಕ್ರಮ ಇಲ್ಲಿ ಗಮನಾರ್ಹ. ಮೊದಲು ಬರಿಯ ಮರ. ಅನಂತರ ಮರದ ಹೊರಮೈಗೆ ಮಾತ್ರ ಬಿದಿರಿನ ಪಟ್ಟಿ. ಆಮೇಲೆ ಎರಡೂ ಮೈಗಳಿಗೆ ಬಿದಿರು. ಬಿದಿರಿನ ಗಟ್ಟಿಯಾದ ನಾರುಗಳು ಹೊರಸಿಪ್ಪೆಯ ಬಳಿ ದಟ್ಟವಾಗಿರುವುದರಿಂದ ಎಳೆತಕ್ಕೆ ಅದು ಬಹು ಯೋಗ್ಯ. ಹೊರಮೈಯೇ ಮೊದಲು ಬಲವನ್ನು ಬೇಡಿತೆಂಬುದನ್ನು ಈ ಕ್ರಮ ಸೂಚಿಸುತ್ತದೆ. 19ನೆಯ ಶತಮಾನದ ಇಂಗ್ಲಿಷ್ ಬಿಲ್ಲುಗಳಲ್ಲಿ ಹೊರಮೈಗೆ ಹಿಕರಿ, ಒಳಮೈಗೆ ಬೇರೆ ಮರ ಎಂಬ ಜೋಡಣೆ ಕಾಣುತ್ತದೆ. ಇಂದಿನ ಕುಶಲಿಗಳೂ ಹೊರಮೈಗೆ ಬಿದಿರನ್ನೋ ಹಿಕರಿಯನ್ನೋ, ಒಳಮೈಗೆ ಓಸೇಜ್ ಆರೆಂಜಿನಂತಹ ಸಾಂದ್ರವಾದ ಮರವನ್ನೋ ಆಯುತ್ತಾರೆ.

ಭಾರತದ ಬಿಲ್ಲಿನ ಬಗೆಗೂ ಹೊರಗಿನ ಸಾಕ್ಷ್ಯಗಳಿವೆ. ಕ್ಸೆರ್ಕ್ಸೀಸನ ಸೇನೆಯ ಭಾರತೀಯರು ಜೊಂಡಿನ ಬಿಲ್ಲುಗಳನ್ನು ಹಿಡಿದಿದ್ದರೆಂದು ಹೆರೊಡೋಟಸ್ ಹೇಳುತ್ತಾನೆ. ಇದನ್ನು ಬಿದಿರೆಂದು ತಿಳಿಯುವುದು ವಾಡಿಕೆ. ಭಾರತೀಯರ ಬಿಲ್ಲು ಆಳಿನಷ್ಟು ಎತ್ತರವಿದ್ದು, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರೆಂದು ಆರಿಯನ್ ವಿವರಿಸುತ್ತಾನೆ. ವಿಷ್ಣುವಿನ ಬಿಲ್ಲಿಗೆ ಸಲ್ಲುವ ‘ಶಾರ್ಙ್ಗ’ವೆಂಬ ಹೆಸರಾದರೋ ಶೃಂಗ, ಎಂದರೆ ಕೊಂಬು, ಎಂಬುದರಿಂದ ಬಂದದ್ದು. ಏಷ್ಯಾದ ಸಂಯುಕ್ತ ಬಿಲ್ಲುಗಳಲ್ಲಿ ಒತ್ತಡವನ್ನು ತಾಳುವ ಒಳಮೈ ಕೊಂಬಿನದು, ಎಳೆತವನ್ನು ತಾಳುವ ಹೊರಮೈ ಪ್ರಾಣಿಯ ನರದ್ದು, ನಡುವೆ ಮರ. ಅರ್ಥಶಾಸ್ತ್ರದ ಆ ಸೂತ್ರವು ದ್ರವ್ಯಗಳನ್ನು ಹೆಸರಿಸುತ್ತದೆಯೇ ಹೊರತು ಜೋಡಣೆಯನ್ನು ವಿವರಿಸುವುದಿಲ್ಲ. ಆದುದರಿಂದ ಅದೊಂದರ ಬಲದಿಂದ ಮೌರ್ಯರ ಕಾಲದಲ್ಲಿ ಪದರ ಜೋಡಿಸಿದ ಬಿಲ್ಲುಗಳಿದ್ದುವೆಂದು ಸಾಧಿಸಲಾಗದು.

ಕವಿಯು ಕೋದಂಡವೆಂದಾಗಲೆಲ್ಲ ಬಿದಿರನ್ನೇ ನೆನೆದನೆಂದು ವಾದಿಸುವುದೂ ತಪ್ಪಾದೀತು. ಛಂದಸ್ಸು ಪ್ರಾಸಗಳೂ ಅವನ ಪದವನ್ನು ಆಯುತ್ತವೆ. ಆದರೆ ಶಾಸ್ತ್ರಗ್ರಂಥವನ್ನು ಸಂಪಾದಿಸುವವರು ಕಾವ್ಯದ ಈ ಸಡಿಲಿಕೆಯನ್ನು ಅಲ್ಲಿಗೂ ಒಯ್ಯಬಾರದು. ನಾಲ್ಕು ಪದಗಳಿಗೂ ‘ಬಿಲ್ಲು’ ಎಂಬ ಒಂದೇ ಅರ್ಥವನ್ನು ಬರೆದರೆ ಅನುವಾದವೇನೋ ಸುಗಮವಾಗುತ್ತದೆ. ಯಾವ ಬಿಲ್ಲು ಯಾವುದರಿಂದಾದದ್ದು ಎಂಬ ಕುಶಲಿಗಳ ತಿಳಿವಳಿಕೆ ಮಾತ್ರ ಅಲ್ಲಿಯೇ ಅಳಿಯುತ್ತದೆ.